ಬೇಣದಲ್ಲಿ ಲಂಟಾನ: ಸವರಿದಷ್ಟೂ ಚಿಗುರುತ್ತದೆ, ಏನು ಮಾಡೋದು?

ಪ್ರಶ್ನೆ (ಶಿರಸಿ ಕಡೆ): ಎರಡು ಎಕರೆ ಬೇಣದ (ಹುಲ್ಲುಗಾವಲಿನ) ಅಂಚಿಗೆಲ್ಲ ಲಂಟಾನ ಎಂಬ ಕಳೆಪೊದೆ ಹಬ್ಬಿದೆ. ವರ್ಷವೂ ಕತ್ತಿಯಲ್ಲಿ ಸವರಿಸುತ್ತೇವೆ, ಮಳೆ ಬಿದ್ದ ಮೇಲೆ ಇನ್ನೂ ಒತ್ತಾಗಿ ಬರುತ್ತದೆ. ದನ ಮೇಯುವ ಜಾಗ, ಔಷಧಿ ಹೊಡೆಯುವ ಮನಸ್ಸಿಲ್ಲ. ಬೆಂಕಿ ಕೊಡಬಹುದೇ? ದನ ತಿಂದರೆ ಏನು ಗತಿ?

ಉತ್ತರ 1: ಬೆಂಕಿ ಬೇಡವೇ ಬೇಡ. ಹುಲ್ಲು, ಸಸಿ ಸುಡುತ್ತವೆ, ಲಂಟಾನ ಬುಡದಿಂದ ಎದ್ದು ಬರುತ್ತದೆ. ಕಾಂಡವೂ ಬೇರೂ ಸೇರುವ ಗಂಟಿನಲ್ಲೇ ಚಿಗುರಿನ ಕಣ್ಣುಗಳಿರೋದು. ಸವರಿದರೆ ಅವಕ್ಕೆ ಅನುಕೂಲವೇ. ಬುಡದ ಸುತ್ತ ಮಣ್ಣು ಸರಿಸಿ, ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಪಿಕಾಸಿಯಿಂದ ಕಡಿಯಿರಿ. ಪೊದೆಯನ್ನು ಬೇರು ಮೇಲಾಗಿ ಮಗುಚಿ ಒಣಗಲು ಬಿಡಿ. ಮಣ್ಣು ತಾಗಿದ ಕೊಂಬೆ ಬೇರು ಬಿಡುತ್ತದೆ, ಹಾಗಾಗಿ ಹಸಿ ಕೊಂಬೆಯನ್ನು ಬೇಲಿಗೆ ಒಡ್ಡಬೇಡಿ. ಮಳೆಗಾಲ ಮುಗಿದು ನೆಲ ಇನ್ನೂ ಮೆತ್ತಗಿರುವಾಗ, ಕಾಯಿ ಹಣ್ಣಾಗುವ ಮೊದಲು ಮಾಡಿದರೆ ಶ್ರಮ ಅರ್ಧ.

ಉತ್ತರ 2: ಪಿಕಾಸಿ ಎತ್ತುವ ಮುಂಚೆ ಒಮ್ಮೆ ಅಳೆದು ನೋಡಿ. ಬೇಣದ ಉದ್ದಕ್ಕೂ ನೇರ ನಡೆಯುತ್ತಾ ಇಪ್ಪತ್ತು ಹೆಜ್ಜೆಗೊಂದು ಕಡೆ ಹಗ್ಗದಿಂದ 5 ಮೀಟರ್ ಚೌಕ ಮಾಡಿ. ಅದರಲ್ಲಿ ಪೊದೆ ಎಷ್ಟು ಪಾಲು, ಅಡಿಯಲ್ಲಿ ಹುಲ್ಲು ಉಳಿದಿದೆಯೇ, ಸಸಿ ಎಷ್ಟು ಎಂದು ಬರೆದಿಡಿ. ಹುಲ್ಲಿರುವ, ಪೊದೆ ವಿರಳವಾದ ಕಡೆಯಿಂದ ಶುರು ಮಾಡಿ ದಟ್ಟ ಭಾಗಕ್ಕೆ ಹೋಗಿ. ಎಲ್ಲರೂ ದಟ್ಟ ಪೊದೆಗೇ ಮೊದಲು ಕೈ ಹಾಕುತ್ತಾರೆ. ಅಷ್ಟರಲ್ಲಿ ಉಳಿದ ಒಳ್ಳೆಯ ಹುಲ್ಲೂ ಕೈ ತಪ್ಪುತ್ತದೆ. ಬರಿದಾದ ನೆಲಕ್ಕೆ ತಕ್ಷಣ ಕರಡದ (ಬೇಣದ ಹುಲ್ಲಿನ) ಬೀಜ ಚೆಲ್ಲಿ. ಲಂಟಾನ ಹಣ್ಣು ತಿಂದು ಬೀಜ ಉದುರಿಸುವ ಪಿಕಳಾರ ಹಕ್ಕಿ ಕೂರುವ ಮರಗಳ ಕೆಳಗೆ ಮುಂದಿನ ಮಳೆಗೂ ಅದರಾಚೆಯ ಮಳೆಗೂ ಸಸಿ ಕಾಣುತ್ತವೆ, ಕೈಯಲ್ಲೇ ಕೀಳಬಹುದು. ಜಾಗ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿಗೆ) ಸೇರಿದ್ದರೆ ಅರಣ್ಯ ಇಲಾಖೆಯವರನ್ನು ಮೊದಲು ಕೇಳಿ.

ಉತ್ತರ 3: ದನದ ವಿಷಯ. ಮೇವಿದ್ದರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಸಿದವು, ಹೊಸದಾಗಿ ತಂದವು ತಿನ್ನುತ್ತವೆ. ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದು ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಮೂತಿಯ ಮತ್ತು ಬಿಳಿ ಮಚ್ಚೆಯ ಚರ್ಮ ಸುಲಿಯುತ್ತದೆ. ತಕ್ಷಣ ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಕರೆಸಿ. ಹೊಟ್ಟೆಯ ಚಲನೆ ನಿಂತು ಎಲೆ ಒಳಗೇ ಉಳಿಯುವುದರಿಂದ ವಿಷ ದಿನಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅದನ್ನು ಹಿಡಿದಿಡಲು ಆಕ್ಟಿವೇಟೆಡ್ ಚಾರ್ಕೋಲ್ (ವಿಷ ಹೀರುವಂತೆ ಸಿದ್ಧಪಡಿಸಿದ ಇದ್ದಿಲ ಪುಡಿ) ಕೊಡುತ್ತಾರೆ, ಕಿಲೋ ತೂಕಕ್ಕೆ 5 ಗ್ರಾಂ. 200 ಕಿಲೋ ಹಸುವಿಗೆ 1 ಕಿಲೋ. ಒಲೆಯ ಇದ್ದಿಲು ಆ ಕೆಲಸ ಮಾಡದು. ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆಯಲ್ಲಿ) ನೀವೇ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ವೈದ್ಯರು ನಳಿಗೆ ಹಾಕಿ ಕೊಡಲಿ. ಕಿತ್ತ ಪೊದೆ ಪೂರ್ತಿ ಒಣಗಿದರೂ ದನ ಬಾಯಿ ಹಾಕುವಲ್ಲಿ ಬಿಡಬೇಡಿ, ವಿಷ ಒಣ ಎಲೆಯಲ್ಲೂ ಇರುತ್ತದೆ.