‘ತಾಂತ್ರಿಕ ತಿದ್ದುಪಡಿ’ಗೆ ಬದಲಿ ಪದ ಯಾವುದು?

ಬಲ್ಲವರಲ್ಲಿ ಒಂದು ಪದ ಕೇಳಬೇಕಿದೆ.

ವಿಶ್ವವಿದ್ಯಾಲಯಗಳ ಕಾಯ್ದೆಗಳಿಗೆ ಆಗಾಗ ಒಂದು ಬಗೆಯ ತಿದ್ದುಪಡಿ ಬರುತ್ತದೆ. ಅದರಿಂದ ಯಾರ ಹಕ್ಕೂ ಹೋಗುವುದಿಲ್ಲ, ಯಾರಿಗೂ ಹೊಸ ಅಧಿಕಾರ ಸಿಗುವುದಿಲ್ಲ. ಊರಿನ ಹೆಸರೋ ಇಲಾಖೆಯ ಹೆಸರೋ ಬದಲಾಗಿರುತ್ತದೆ, ಕಾಯ್ದೆಯಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ. ರದ್ದಾದ ಕಾಯ್ದೆಯ ಹೆಸರು ಇನ್ನೊಂದು ಕಾಯ್ದೆಯಲ್ಲಿ ಹಾಗೇ ಕೂತಿರುತ್ತದೆ. ನಡುವಿನ ಒಂದು ಉಪಪ್ರಕರಣ (ಸಬ್‌ಸೆಕ್ಷನ್) ತೆಗೆದಿರುತ್ತಾರೆ, ಅದರ ಸಂಖ್ಯೆಯನ್ನು ಬೇರೆ ಕಡೆ ಹೇಳಿರುವುದು ಹಾಗೇ ಇರುತ್ತದೆ. ಇವನ್ನೆಲ್ಲ ಸರಿಮಾಡುವ ಕೆಲಸಕ್ಕೆ ‘ತಾಂತ್ರಿಕ ತಿದ್ದುಪಡಿ’ ಅಂತ ಬರೆದುಬಿಡುತ್ತೇವೆ.

ಈ ಪದ ಉನ್ನತ ಶಿಕ್ಷಣದ ವಿಷಯದಲ್ಲಿ ನಿಜಕ್ಕೂ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಇಲಾಖೆಯ ಹೆಸರಿನಲ್ಲೇ ‘ತಾಂತ್ರಿಕ ಶಿಕ್ಷಣ’ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ 1994ರ ತನ್ನದೇ ಕಾಯ್ದೆ ಇದೆ. ಹೀಗಿರುವಾಗ ‘ವಿಶ್ವವಿದ್ಯಾಲಯ ಕಾಯ್ದೆಗೆ ತಾಂತ್ರಿಕ ತಿದ್ದುಪಡಿ’ ಎಂದು ಓದಿದವರು ಇದು ಎಂಜಿನಿಯರಿಂಗ್ ಕಾಲೇಜುಗಳಿಗೆ ಸಂಬಂಧಪಟ್ಟಿದ್ದು ಅಂದುಕೊಂಡರೆ ತಪ್ಪು ಅವರದ್ದಲ್ಲ, ಅಲ್ವಾ? ಜೊತೆಗೆ ‘ತಾಂತ್ರಿಕ ಕಾರಣಗಳಿಂದ’ ಎನ್ನುವುದನ್ನು ಕೇಳಿ ಕೇಳಿ, ಆ ಪದ ಕಂಡರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೂ ಬರುತ್ತದೆ.

ಬೇರೆ ಪದಗಳನ್ನು ಹಾಕಿ ನೋಡಿದೆ. ‘ಶುದ್ಧೀಕರಣ’ ಅಂದರೆ ನೀರು ನೆನಪಾಗುತ್ತದೆ, ಇಲ್ಲವೇ ದೇವಸ್ಥಾನ. ‘ಪರಿಷ್ಕರಣೆ’ ಈ ಕೆಲಸಕ್ಕೆ ತೀರಾ ದೊಡ್ಡದು. ಪಠ್ಯ ಪರಿಷ್ಕರಣೆ, ವೇತನ ಪರಿಷ್ಕರಣೆ ಅನ್ನುವಾಗ ತಿರುಳೇ ಬದಲಾಗುತ್ತದೆ. ‘ತಿದ್ದೋಲೆ’ ನನಗೆ ತುಂಬಾ ಇಷ್ಟದ ಪದ, ಸರ್ಕಾರಿ ಕಚೇರಿಗಳಲ್ಲಿ ದಿನವೂ ಓಡಾಡುವ ಪದ. ಆದರೆ ಅದು ಆದೇಶದಲ್ಲೋ ಅಧಿಸೂಚನೆಯಲ್ಲೋ ಆದ ತಪ್ಪನ್ನು ಸರಿಪಡಿಸುವ ಓಲೆ. ಸದನ ಒಪ್ಪಿದ ಕಾಯ್ದೆಯ ಮಾತು ಬದಲಾಗಬೇಕಾದರೆ ಮತ್ತೆ ವಿಧೇಯಕವೇ, ಅಂದರೆ ಮಸೂದೆಯೇ ಬರಬೇಕು.

ನನ್ನ ಒಲವು ‘ಓರಣ ತಿದ್ದುಪಡಿ’ಯ ಕಡೆಗಿದೆ. ಕಪಾಟಿನ ಪುಸ್ತಕಗಳನ್ನು ಓರಣವಾಗಿ ಜೋಡಿಸಿದರೆ ಒಳಗಿನ ಬರಹ ಬದಲಾಗುವುದಿಲ್ಲ. ಹುಡುಕುವವರಿಗೆ ಸಿಗುತ್ತದೆ, ಅಷ್ಟೇ. ಆದರೂ ಒಂದು ಅಳುಕು. ಇದು ಸುಮ್ನೆ ಒಪ್ಪ ಮಾಡುವ ಕೆಲಸ ಎಂದು ಯಾರಾದರೂ ಹಗುರವಾಗಿ ತೆಗೆದುಕೊಂಡರೆ? ಹಗುರದ ಕೆಲಸ ಖಂಡಿತ ಅಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಾಯ್ದೆಗಳಲ್ಲಿ ರಾಜ್ಯದ ಹೆಸರನ್ನು ಬದಲಿಸಲೇಬೇಕಿತ್ತು. ‘ಮೈಸೂರು’ ಇರುವ ಕಡೆಯಲ್ಲೆಲ್ಲ ಕಣ್ಣುಮುಚ್ಚಿ ‘ಕರ್ನಾಟಕ’ ಹಾಕಿದ್ದರೆ ಏನಾಗುತ್ತಿತ್ತು ನೋಡಿ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಕಾಗದದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯವಾಗುತ್ತಿತ್ತು. ಆ ಹೆಸರಿನದು ಧಾರವಾಡದಲ್ಲಿ ಅಷ್ಟೊತ್ತಿಗಾಗಲೇ ಇತ್ತು!

2014ರ ನವೆಂಬರ್ 1ರ ಹೆಸರು ಬದಲಾವಣೆಯಲ್ಲಿ ಇನ್ನೊಂದು ಬಗೆ. ಬೆಂಗಳೂರು, ಮೈಸೂರು, ಬಳ್ಳಾರಿ, ಹುಬ್ಬಳ್ಳಿ ಕನ್ನಡದಲ್ಲಿ ಮೊದಲಿನಿಂದಲೂ ಹಾಗೇ ಇದ್ದವು. ಬದಲಾಗಿದ್ದು ಇಂಗ್ಲಿಷ್ ಕಾಗುಣಿತ. ಹಾಗಾಗಿ ಇಂಗ್ಲಿಷ್ ಪಠ್ಯಕ್ಕೆ ತಿದ್ದುಪಡಿ ಬೇಕು, ಕನ್ನಡ ಪಠ್ಯಕ್ಕೆ ಬೇಕಿಲ್ಲ. ಗುಲಬರ್ಗಾ ಹಾಗಲ್ಲ, ಅದು ಎರಡರಲ್ಲೂ ಕಲಬುರಗಿ ಆಯಿತು. ಆದರೆ ಅಲ್ಲಿನ ವಿಶ್ವವಿದ್ಯಾಲಯ ಗುಲಬರ್ಗಾ ವಿಶ್ವವಿದ್ಯಾಲಯವಾಗಿಯೇ ಉಳಿಯಿತು. ಊರಿಗೊಂದು ಹೆಸರು, ಸಂಸ್ಥೆಗೊಂದು ಹೆಸರು. ಓರಣ ಮಾಡುವವರಿಗೆ ಇದೆಲ್ಲ ಗೊತ್ತಿರಬೇಕು.

ಇದರ ಜೊತೆಗೇ ಇನ್ನೆರಡು ಪದ.

ಒಂದು, ‘ಪ್ರಕರಣ’. ಮಾತಿನಲ್ಲಿ ನಾವು ಸೆಕ್ಷನ್ ಅಥವಾ ಕಲಂ ಅನ್ನುತ್ತೇವೆ. ಕನ್ನಡ ಕಾಯ್ದೆಗಳಲ್ಲಿ ಅದು ಪ್ರಕರಣ. ‘ಈ ಪ್ರಕರಣವನ್ನು ಬಿಟ್ಟುಬಿಡತಕ್ಕದ್ದು’ ಎಂದರೆ ಸಾಮಾನ್ಯ ಓದುಗರಿಗೆ ಯಾರದೋ ಮೇಲಿನ ಕೇಸು ಕೈಬಿಟ್ಟಂತೆ ಕೇಳಿಸುತ್ತದೆ. ಎಲ್ಲರ ಬಾಯಲ್ಲೂ ಇರುವ ‘ಕಲಂ’ ಯಾಕಾಗಬಾರದು?

ಇನ್ನೊಂದು, ‘ಅಧ್ಯಾದೇಶ’. ಸದನ ನಡೆಯದಿದ್ದಾಗ ರಾಜ್ಯಪಾಲರು ಹೊರಡಿಸುವುದೂ ಅಧ್ಯಾದೇಶ, ವಿಶ್ವವಿದ್ಯಾಲಯ ತನ್ನ ಒಳಾಡಳಿತಕ್ಕೆ ಮಾಡಿಕೊಳ್ಳುವುದೂ ಅಧ್ಯಾದೇಶ. ಮೊದಲನೆಯದಕ್ಕೆ ಪತ್ರಿಕೆಗಳು ‘ಸುಗ್ರೀವಾಜ್ಞೆ’ ಅನ್ನುತ್ತವೆ. ಅದು ಎಲ್ಲರಿಗೂ ಗೊತ್ತು, ಚೆನ್ನಾಗಿಯೂ ಇದೆ. ಎರಡನೆಯದಕ್ಕೆ ಅದನ್ನು ಬಳಸಿದರೆ ಮಾತ್ರ ಅನರ್ಥ. ಸುಗ್ರೀವಾಜ್ಞೆಗೆ ಆಯುಸ್ಸು ಕಡಿಮೆ. ಸದನ ಮತ್ತೆ ಸೇರಿ ಆರು ವಾರದೊಳಗೆ ಅದು ಕಾಯ್ದೆಯಾಗಬೇಕು, ಇಲ್ಲದಿದ್ದರೆ ಬಿದ್ದುಹೋಗುತ್ತದೆ. ವಿಶ್ವವಿದ್ಯಾಲಯದ ಅಧ್ಯಾದೇಶಕ್ಕೆ ಅಂಥ ಗಡುವಿಲ್ಲ. ಹಾಗಾಗಿ ಅಧ್ಯಾದೇಶವನ್ನು ವಿಶ್ವವಿದ್ಯಾಲಯಕ್ಕೇ ಬಿಟ್ಟು, ರಾಜ್ಯಪಾಲರದ್ದನ್ನು ಕಾಯ್ದೆಯ ಭಾಷೆಯಲ್ಲೂ ಸುಗ್ರೀವಾಜ್ಞೆ ಎಂದೇ ಕರೆಯಬಹುದು ಅಂತ ನನಗನ್ನಿಸುತ್ತದೆ.

ವಿಧೇಯಕಗಳ ಕರಡು ಬರೆದವರು, ಅನುವಾದ ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಇಂಥ ತಿದ್ದುಪಡಿಗೆ ನಿಮ್ಮೊಳಗೆ ಆಡಿಕೊಳ್ಳುವ ಪದ ಯಾವುದು? ‘ಓರಣ’ ಕಾಯ್ದೆಯ ತಲೆಬರಹದಲ್ಲಿ ನಿಲ್ಲುತ್ತದೆಯೇ?