ಎರೆಮಣ್ಣಿನ ಅಂಗಳದಲ್ಲಿ ಟಿಪ್ಪರ್ ಹುಗಿಯದಂತೆ ದಾರಿ ಮಾಡುವುದು ಹೇಗೆ?

ಹೊಲದಮನೆ:
ಗದಗ ಜಿಲ್ಲೆಯ ಎರೆಭೂಮಿಯಲ್ಲಿ, ಡಾಂಬರು ರಸ್ತೆಯಿಂದ ಸುಮಾರು ನೂರು ಅಡಿ ಒಳಗೆ ಮನೆ ಕಟ್ಟಿಸುತ್ತಿದ್ದೇವೆ. ಕಳೆದ ವಾರ ಖಡಿ ತಂದ ಆರು ಗಾಲಿಯ ಟಿಪ್ಪರ್ ಅಂಗಳಕ್ಕೆ ತಿರುಗುತ್ತಿದ್ದಂತೆಯೇ ಅದರ ಹಿಂದಿನ ಗಾಲಿಗಳು ಅಚ್ಚಿನ ಮಟ್ಟಕ್ಕೆ ಹುಗಿದವು. ಮಳೆ ನಿಂತು ನಾಲ್ಕೈದು ದಿನಗಳಾಗಿದ್ದು ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಗಾಲಿ ಕೊರೆದ ತಗ್ಗಿನಲ್ಲಿ ನೋಡಿದರೆ ಗೇಣುದ್ದ ಕೆಳಗೆ ಮಣ್ಣು ಮೇಣದಂತೆ ಮೆತ್ತಗಿತ್ತು. ಇನ್ನು ಉಸುಕು, ಕಬ್ಬಿಣ, ಆಮೇಲೆ ಬೋರ್‌ವೆಲ್ ಲಾರಿ ಬರಬೇಕಿದೆ. ದಾರಿಯ ಮೇಲೆ ಒಂದು ಲೋಡ್ ಖಡಿ ಹರಡಿದರೆ ಸಾಕೆಂದು ಮೇಸ್ತ್ರಿಯವರು ಹೇಳುತ್ತಾರೆ. ಅದು ಸಾಕಾಗುವುದೇ?

ನಿವೃತ್ತ ಅಭಿಯಂತರ:
ಸಾಲದು. ಹಸಿ ಎರೆಮಣ್ಣಿನ ಮೇಲೆ ನೇರವಾಗಿ ಹರಡಿದ ಖಡಿಯನ್ನು ಗಾಲಿಗಳು ಕೆಳಕ್ಕೆ ಒತ್ತುತ್ತವೆ, ಅದರ ಸಂದುಗಳಿಂದ ರಾಡಿ ಮೇಲೇಳುತ್ತದೆ, ಕೆಲವೇ ಲೋಡುಗಳಲ್ಲಿ ಖಡಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿ ಉಬ್ಬುವುದರಿಂದ, ಒಣಗಿದಾಗ ಕಲ್ಲಿನಂತಿರುವ ನೆಲವೇ ನೆನೆದಾಗ ಭಾರ ಹೊರುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. 2018ರ ಪರಿಷ್ಕೃತ ಮಿತಿಯಂತೆ, ನಾಲ್ಕು ಟೈರುಗಳಿರುವ ಒಂದೇ ಹಿಂಬದಿಯ ಅಚ್ಚಿನ ಮೇಲೆ 11.5 ಟನ್ ಭಾರ ಬೀಳಬಹುದು. ನಿಮ್ಮ ಅಂಗಳ ಹೊರಬೇಕಾದದ್ದು ಅದನ್ನು.

ಆದ್ದರಿಂದ ಮೊದಲು ನೀರಿನ ವ್ಯವಸ್ಥೆ ಮಾಡಿ. ದಾರಿಯ ಎರಡೂ ಬದಿಗೆ ಚರಂಡಿ ತೋಡಿ, ಮಾಡಿನ ನೀರು ಆ ಕಡೆ ಬಾರದಂತೆ ತಿರುಗಿಸಿ. ಬಳಿಕ ಮೇಲಿನ ಮೆತ್ತನೆಯ ಮಣ್ಣನ್ನು ತೆಗೆದು, ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಗಟ್ಟಿ ಕೃತಕ ಬಟ್ಟೆ) ಹಾಸಿ, ಅದರ ಮೇಲೆ ಗರಸನ್ನು ಎರಡು ಪದರಗಳಲ್ಲಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ರೋಲರ್ ಹೊಡೆಸಿ, ಒಟ್ಟು ಒಂದು ಅಡಿ ದಪ್ಪಕ್ಕೆ ತನ್ನಿ. ಖಡಿ ಅದರ ಮೇಲೆ ಬರಲಿ. ಬಟ್ಟೆ ಸಿಗದಿದ್ದರೆ ಅದರ ಬದಲು ಆರಿಂಚು ಉಸುಕಿನ ಪದರ ಹಾಕಬಹುದು, ಆದರೆ ಉಸುಕಿನ ಇಂದಿನ ಬೆಲೆಯಲ್ಲಿ ಬಟ್ಟೆಯೇ ಅಗ್ಗವಾದೀತು. ನಡುವೆ ತುಸು ಉಬ್ಬಿಸಿ, ಅಂಚುಗಳ ಕಡೆಗೆ ಇಳಿಜಾರು ಕೊಡುವುದನ್ನು ಮರೆಯಬೇಡಿ.

ಟಿಪ್ಪರ್ ಮಾಲೀಕ:
ಅಭಿಯಂತರರು ದಾರಿಯ ಬಗ್ಗೆ ಹೇಳಿದ್ದಾರೆ. ಗಾಡಿ ಹುಗಿದಾಗ ಏನು ಮಾಡಬೇಕೆಂಬುದನ್ನು ನಾನು ಸೇರಿಸುತ್ತೇನೆ. ಗಾಲಿ ಒಂದೇ ಜಾಗದಲ್ಲಿ ಸುತ್ತತೊಡಗಿದ ಕೂಡಲೇ ಎಕ್ಸಿಲರೇಟರ್ ಬಿಡಬೇಕು, ಏಕೆಂದರೆ ಆಮೇಲಿನ ಪ್ರತಿ ಸುತ್ತೂ ತಗ್ಗನ್ನು ಆಳ ಮಾಡುತ್ತದೆಯೇ ಹೊರತು ಗಾಡಿಯನ್ನು ಮುಂದೊಯ್ಯುವುದಿಲ್ಲ. ಗಾಡಿ ಒಂದು ಬದಿಗೆ ವಾಲಿದ್ದರೆ, ಭಾರ ಇಳಿಸುವ ಅವಸರದಲ್ಲಿ ತೊಟ್ಟಿಯನ್ನು ಎತ್ತಲೇಬಾರದು. ಎತ್ತಿದರೆ ಇಡೀ ಟಿಪ್ಪರ್ ಮಗುಚಬಹುದು. ಮಾಲನ್ನು ಪುಟ್ಟಿಯಲ್ಲಿ ಹೊತ್ತು ಇಳಿಸಿ, ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ಕಡಿದು, ಅಲ್ಲಿ ದೊಡ್ಡ ಕಲ್ಲು ಅಥವಾ ದಪ್ಪ ಹಲಗೆ ಕೂಡಿಸಬೇಕು. ಜೆಸಿಬಿಯಿಂದ ಎಳೆಸುವಾಗ ವೈರ್‌ರೋಪನ್ನು ಚಾಸಿಸ್ಸಿನ ಎಳೆಯುವ ಕೊಂಡಿಗೇ ಹಾಕಿಸಿ, ಬಂಪರಿಗೆ ಬೇಡ; ರೋಪು ಹರಿದು ಚಿಮ್ಮಿದರೆ ಜೀವಕ್ಕೇ ಅಪಾಯ, ಹಾಗಾಗಿ ನೋಡಲು ನೆರೆದವರನ್ನೂ ಮಕ್ಕಳನ್ನೂ ದೂರ ಕಳಿಸಿ.

ಹೊಲದಮನೆ:
ಇಬ್ಬರಿಗೂ ಧನ್ಯವಾದಗಳು. ಗರಸಿನ ಕೆಲಸ ಮುಗಿಯುವವರೆಗೆ ಉಸುಕನ್ನು ತರಿಸಬಹುದೇ?

ಟಿಪ್ಪರ್ ಮಾಲೀಕ:
ಒಂದು ಬ್ರಾಸ್ (ನೂರು ಘನ ಅಡಿ) ಉಸುಕೆಂದರೆ ನಾಲ್ಕೂವರೆ ಟನ್ನಿನ ಆಸುಪಾಸು; ಹಸಿಯಾಗಿದ್ದರೆ ಇನ್ನೂ ಹೆಚ್ಚು. ಟಿಪ್ಪರನ್ನು ಡಾಂಬರು ರಸ್ತೆಯ ಬದಿಯಲ್ಲಿ ಖಾಲಿ ಮಾಡಿಸಿ, ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಅರ್ಧರ್ಧ ಬ್ರಾಸ್ ಸಾಗಿಸಿದರೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಜೆಸಿಬಿ ಕರೆಸುವ ಪ್ರಸಂಗ ಬರುವುದಿಲ್ಲ.

ನಿವೃತ್ತ ಅಭಿಯಂತರ:
ಬೋರ್‌ವೆಲ್ ಮಾತ್ರ ಬೇಸಿಗೆಯವರೆಗೆ ಕಾಯಲಿ. ರಿಗ್ ಲಾರಿಯ ಜೊತೆ ಕಂಪ್ರೆಸರ್ ಹೊತ್ತ ಇನ್ನೊಂದು ಲಾರಿಯೂ ಬರುತ್ತದೆ, ಕೊರೆಯುವಾಗ ಹೊರಬರುವ ನೀರು ಅದೇ ಜಾಗವನ್ನು ತೋಯಿಸುತ್ತದೆ. ಅಷ್ಟರೊಳಗೆ ಶೌಚಗುಂಡಿ ಕಟ್ಟಿಸುವುದಾದರೆ ಅದು ಗಾಡಿ ತಿರುಗುವ ಜಾಗದಿಂದ ದೂರವಿರಲಿ. ಅದರ ಮುಚ್ಚಳದ ಚಪ್ಪಡಿ ಲಾರಿಯ ಭಾರಕ್ಕೆಂದು ಮಾಡಿದ್ದಲ್ಲ.