ಕುಟುಂಬದ ಗುಂಪಿನಲ್ಲಿ ಪಿಎಫ್ ಬಾಕಿಯ ಚರ್ಚೆ

ಭಾವ (ಸಣ್ಣ ಉದ್ಯಮಿ; ಫಾರ್ವರ್ಡ್): "ಸಂಸ್ಥೆ ನಷ್ಟದಲ್ಲಿದ್ದರೆ ಮಾಲೀಕರು ಪಿಎಫ್ ಕಟ್ಟುವುದನ್ನು ಮುಂದೂಡಬಹುದು. ನಂತರ ಬಡ್ಡಿ ಸೇರಿಸಿ ಕಟ್ಟಿದರೆ ಅದು ತಪ್ಪಲ್ಲ. ಎಲ್ಲ ಉದ್ಯಮಿಗಳಿಗೂ ತಲುಪಿಸಿ."

ದೊಡ್ಡಪ್ಪ: ಅಳಿಯಂದಿರೇ, ಇದನ್ನು ಬರೆದವರು ಕಾನೂನನ್ನು ಓದಿದಂತಿಲ್ಲ. ಹಿಂದಿನ ತಿಂಗಳ ವಂತಿಗೆಯನ್ನು ಈ ತಿಂಗಳ 15ರೊಳಗೆ ಕಟ್ಟಬೇಕೆಂಬ ನಿಯಮಕ್ಕೆ ಲಾಭ-ನಷ್ಟದ ಷರತ್ತೇ ಇಲ್ಲ. ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ ಬೇರೆ. ಆ ದಂಡವನ್ನು 2024ರ ಜೂನ್‌ನಲ್ಲಿ ತಿಂಗಳಿಗೆ ಶೇ 1ಕ್ಕೆ ಇಳಿಸಿದ್ದಾರೆ ಎಂದ ಮಾತ್ರಕ್ಕೆ ಕಾರ್ಮಿಕರ ಹಣ ಮಾಲೀಕರಿಗೆ ಸುಲಭದ ಸಾಲವಾಗುವುದಿಲ್ಲ.

ಭಾವ: ಮಾವ, ಕಾಗದದ ಮೇಲೆ ಇದೆಲ್ಲ ಸರಿ. ಮಾಲು ಕೊಟ್ಟು ಮೂರು ತಿಂಗಳಾದರೂ ದೊಡ್ಡ ಗಿರಾಕಿ ಬಿಲ್ ಚುಕ್ತಾ ಮಾಡದಿದ್ದಾಗ, ಕೈಯಲ್ಲಿರುವ ಹಣದಲ್ಲಿ ಸಂಬಳ ಕೊಡಲೋ ಪಿಎಫ್ ಕಟ್ಟಲೋ ಎಂಬ ಪ್ರಶ್ನೆ ಬರುತ್ತದೆ. ಕಾರ್ಮಿಕರೇ ಸಂಬಳ ಮೊದಲು ಕೊಡಿ ಎನ್ನುತ್ತಾರೆ. ಬೇಕೆಂದೇ ಮೋಸ ಮಾಡಿದವನನ್ನೂ ಕೈ ಕಟ್ಟಿಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ದೊಡ್ಡಪ್ಪ: ನಿಮ್ಮ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂದಿತ್ತು. ನಮ್ಮ ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕಾ ಪ್ರಯೋಗ ಕೇಂದ್ರದ ಪ್ರಕರಣದಲ್ಲಿ, ದಂಡ ವಿಧಿಸಲು ದುರುದ್ದೇಶವನ್ನು ಸಾಬೀತುಪಡಿಸುವ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಮಾಲೀಕನ ಪಾಲಿನ ವಂತಿಗೆ ತಡವಾಯಿತೆಂದರೆ ನಿಮ್ಮ ಕಷ್ಟವನ್ನು ನಾನು ಕೇಳಿಸಿಕೊಳ್ಳಬಲ್ಲೆ. ಆದರೆ ಕಾರ್ಮಿಕನ ಸಂಬಳದಿಂದ ಮುರಿದುಕೊಂಡ ಹಣ ಆ ಕ್ಷಣದಿಂದಲೇ ನಿಮ್ಮದಲ್ಲ, ನೀವು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಮಾತ್ರ. ಅದನ್ನು ಕಟ್ಟದಿರುವುದನ್ನು ಹಿಂದಿನ ದಂಡ ಸಂಹಿತೆಯ 405ನೇ ಕಲಂ ನಂಬಿಕೆದ್ರೋಹದ ಅಪರಾಧಕ್ಕೆ ಸೇರಿಸಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಕೂಡ ಅದನ್ನೇ ಉಳಿಸಿಕೊಂಡಿದೆ.

ಅಕ್ಕ: ನಮ್ಮ ಕಚೇರಿಯಲ್ಲಿ ಸಂಬಳದ ಲೆಕ್ಕ ನೋಡುವವಳಾಗಿ ಒಂದು ಮಾತು ಹೇಳುತ್ತೇನೆ. 15,000 ರೂಪಾಯಿ ಮೂಲವೇತನದವನ ಪೇ ಸ್ಲಿಪ್‌ನಲ್ಲಿ 1,800 ರೂಪಾಯಿ ಕಡಿತವೆಂದು ಅಚ್ಚಾಗಿರುತ್ತದೆ. ಮಾಲೀಕರು ತಮ್ಮ ಪಾಲಾಗಿ ಕಟ್ಟುವ ಇನ್ನೊಂದು 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ ಹೋಗಬೇಕು. ಸ್ಲಿಪ್ ನೋಡಿ ನೆಮ್ಮದಿಯಾಗಿದ್ದವನು ಪಿಎಫ್ ಪಾಸ್‌ಬುಕ್ ತೆರೆದಾಗ ಅದೇ ತಿಂಗಳ ಜಮೆಯೇ ಇರುವುದಿಲ್ಲ. ಭಾವ ಹೇಳುವ "ಸಂಬಳ ಮೊದಲು" ಎಂಬ ಮಾತು ನಿಜವಾದರೆ ಆ 1,800 ಕೂಡ ಅವನ ಕೈಗೆ ಬರಬೇಕಿತ್ತಲ್ಲ?

ಭಾವ: ಹಾಗಾದರೆ ಕಡಿತ ಮಾಡದೆ ಪೂರ್ತಿ ಸಂಬಳ ಕೊಟ್ಟು, ಮುಂದೆ ಅನುಕೂಲವಾದಾಗ ಹಿಡಿದುಕೊಳ್ಳಬಹುದೇ?

ದೊಡ್ಡಪ್ಪ: ಅದಕ್ಕೂ ದಾರಿಯಿಲ್ಲ. 1952ರ ಪಿಎಫ್ ಯೋಜನೆಯ ಪ್ರಕಾರ ಇಬ್ಬರ ಪಾಲನ್ನೂ ಮೊದಲು ಕಟ್ಟುವ ಹೊಣೆ ಮಾಲೀಕನದು. ಕಾರ್ಮಿಕನ ಪಾಲನ್ನು ಆಯಾ ಅವಧಿಯ ಸಂಬಳದಿಂದ ಮಾತ್ರ ಹಿಡಿಯಬಹುದು, ಬಿಟ್ಟರೆ ಬಿಟ್ಟಂತೆಯೇ.

ನಾನು: ಆದಾಯ ತೆರಿಗೆಯಲ್ಲೂ ಇದೇ ತರ್ಕ ಬಂದಿತ್ತು, ಭಾವ. ಕಾರ್ಮಿಕರ ಪಾಲನ್ನು ಗಡುವು ಮೀರಿ ಕಟ್ಟಿದರೆ ಅದನ್ನು ಖರ್ಚೆಂದು ತೋರಿಸುವಂತಿಲ್ಲ, ಅದು ಮಾಲೀಕನ ಆದಾಯವೆಂದೇ ಲೆಕ್ಕವಾಗುತ್ತದೆ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ನಿಮ್ಮ ಆಡಿಟರ್ ಹೇಳಿರಬೇಕು.

ಭಾವ: ಹೇಳಿದ್ದಾರೆ, ಬಿಲ್ ಸಮೇತ. ಆದರೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆಯಲ್ಲ, ಹಳೆಯ ಪಿಎಫ್ ಕಾನೂನಿನ ಬಾಕಿ ಇನ್ನೇಕೆ?

ದೊಡ್ಡಪ್ಪ: ಕಾನೂನು ಬದಲಾದರೆ ಹಿಂದೆ ಹುಟ್ಟಿದ ಹೊಣೆ ಅಳಿಯುವುದಿಲ್ಲ. ಬಾಕಿ ಬಾಕಿಯೇ. ಇನ್ನು ನಿಮ್ಮ ಗಿರಾಕಿಯ ವಿಷಯ: ಸಣ್ಣ ಉದ್ಯಮದಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯಿದೆ ಹೇಳುತ್ತದೆ, ತಡವಾದರೆ ಚಕ್ರಬಡ್ಡಿಯನ್ನೂ ಕೇಳಬಹುದು. ನಿಮ್ಮ ಉದ್ಯಮದ ನೋಂದಣಿ ಇದೆಯಲ್ಲ, ದೂರು ಕೊಡಿ.

ಭಾವ: ದೂರು ಕೊಟ್ಟರೆ ಮುಂದಿನ ಆರ್ಡರ್ ಬರುವುದಿಲ್ಲ, ಮಾವ.

ಅಕ್ಕ: ನಿಮ್ಮಲ್ಲಿ ಕೆಲಸ ಮಾಡುವವರು ಪಿಎಫ್ ಕಚೇರಿಗೆ ದೂರು ಕೊಡದಿರುವುದೂ ಇದೇ ಕಾರಣಕ್ಕೆ.

ಭಾವ: ಆ ಫಾರ್ವರ್ಡ್ ಅಳಿಸುತ್ತೇನೆ. ಆದರೆ ದುರುದ್ದೇಶವಿಲ್ಲದವನಿಗೂ ದಂಡ ಹಾಕಬೇಕೆಂಬುದನ್ನು ಮಾತ್ರ ನಾನು ಈಗಲೂ ಒಪ್ಪುವುದಿಲ್ಲ.

ದೊಡ್ಡಪ್ಪ: ಒಪ್ಪಬೇಡಿ. 15ರೊಳಗೆ ಕಟ್ಟಿ, ಚಲನ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿ.